ನೀರಮ್ಮನ ಕೈಗುಣ

ನಮ್ಮತ್ತೆ ನನ್ನನ್ನು ಸೊಸೆಯೆಂದು ಒಪ್ಪಿಕೊಂಡದ್ದು ನನ್ನ ಮುಖ ನೋಡಿ ಅಲ್ಲ, ಕಿವಿಯ ಹಿಂದೆ ನೋಡಿ. ಮದುವೆಗೆ ಮುಂಚೆ ಮೊದಲ ಸಲ ಅವರ ಮನೆಗೆ ಹೋಗಿದ್ದೆ. ಕೂತುಕೋ ಅನ್ನುವ ಮೊದಲೇ ಗಲ್ಲ ಹಿಡಿದು ನನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಕಿವಿ ಮಡಚಿ ನೋಡಿ, "ಪರವಾಗಿಲ್ಲ, ಇಲ್ಲಿ ತೊಳ್ಕೊಳ್ಳೋಳು ಎಲ್ಲಾ ಕಡೆ ತೊಳ್ಕೊಂಡಿರ್ತಾಳೆ" ಅಂದರು. ನನಗೆ ಮೈಯೆಲ್ಲ ಉರಿದು ಹೋಯಿತು. ಆಗಿನ್ನೂ ನಮ್ಮವರಾಗದಿದ್ದ ನಮ್ಮವರು, ಬಸ್ ಡಿಪೋದ ಮೆಕ್ಯಾನಿಕ್ಕು, ಗೋಡೆ ನೋಡುತ್ತ ನಿಂತಿದ್ದರು. ಆಮೇಲೆ ಕೇಳಿದರೆ, "ನಮ್ಮಮ್ಮ ಎಲ್ರಿಗೂ ಹಾಗೇನೇ, ಡಿಪೋ ಮ್ಯಾನೇಜರ್ ಕಿವೀನೂ ನೋಡಿದ್ದಾಳೆ" ಅಂದರು. ಇಂಥ ಮನೆಗೆ ಬಂದು ಬೀಳುತ್ತಿದ್ದೇನಲ್ಲ ಅಂತ ಅವತ್ತು ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡಿದ್ದೆ.

ಕಿವಿಯ ಹಿಂದೆ ನೋಡುವುದು ಅವರ ಉದ್ಯೋಗದಿಂದ ಬಂದ ಚಟ. ಅತ್ತೆ ನಮ್ಮ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಆದರೆ ನೆಲ ಒರೆಸುವ ಆಯಾ ಅಲ್ಲ. ಅವರದು ಒಂದೇ ಕೆಲಸ, ಹುಟ್ಟಿದ ಮಕ್ಕಳಿಗೆ ಮೊದಲ ಸ್ನಾನ ಮಾಡಿಸುವುದು. ಊರಿಗೆ ಊರೇ ಅವರನ್ನು ನೀರಮ್ಮ ಅನ್ನುತ್ತಿತ್ತು. ಸಂಬಳದ ದಿನ ಆಫೀಸಿನವರು ಅವರ ನಿಜವಾದ ಹೆಸರು ಕೂಗಿದರೆ ಅವರಿಗೇ ಗೊತ್ತಾಗುತ್ತಿರಲಿಲ್ಲ. ಪಕ್ಕದವರು ತಿವಿದು ಹೇಳಬೇಕಿತ್ತು.

ಆಸ್ಪತ್ರೆಯ ಉದ್ದನೆಯ ವರಾಂಡದ ತುದಿಯಲ್ಲಿ ನೀರಿನ ಕೋಣೆ ಅಂತ ಒಂದಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಕೋಣೆಯ ವಾಸನೆ ಬರುತ್ತದೆ: ಸಾಬೂನು, ಹೊಗೆ, ಒದ್ದೆ ಕಲ್ಲು, ಬಿಸಿಲಿಗೆ ಒಣಗಿದ ಬಟ್ಟೆ. ಮೂಲೆಯಲ್ಲಿ ಒಂದು ದೊಡ್ಡ ಹಂಡೆ, ಅದರ ಕೆಳಗೆ ಒಲೆ. ಮಧ್ಯದಲ್ಲಿ ಕಲ್ಲಿನ ಕಟ್ಟೆ, ಅದರ ಮೇಲೆ ಅಗಲ ಬಾಯಿಯ ಬೋಗುಣಿ. ಗೋಡೆಯ ಮೊಳೆಗಳಿಗೆ ಸಾಲಾಗಿ ನೇತು ಹಾಕಿದ ಬಿಳಿ ಬಟ್ಟೆಯ ತುಂಡುಗಳು. ಅತ್ತೆ ಕೈಬಳೆ ತೆಗೆದು ಕಿಟಕಿಯ ಮೇಲಿಟ್ಟು, ಮೊಣಕೈ ಅದ್ದಿ ನೀರಿನ ಹದ ನೋಡಿ, ಎಡಗೈಯಲ್ಲಿ ಮಗುವಿನ ಕತ್ತು ಹಿಡಿದು ಬಲಗೈಯಲ್ಲಿ ಕೆಲಸಕ್ಕಿಳಿದರೆ ನೋಡಲು ಕಣ್ಣೆರಡು ಸಾಲದು. ಕಂಕುಳು, ಕತ್ತಿನ ಮಡಿಕೆ, ಬೆರಳ ಸಂದಿ, ಕಿವಿಯ ಹಿಂದೆ, ಒಂದು ಜಾಗವೂ ತಪ್ಪುತ್ತಿರಲಿಲ್ಲ. ಮೈಗೆಲ್ಲ ಬೆಣ್ಣೆಯಂಥ ಲೋಳೆ ಹಚ್ಚಿಕೊಂಡು ನೀಲಿಗಟ್ಟಿ ಬಂದದ್ದು ಕೆಂಪಗೆ ಹೊಳೆಯುತ್ತ ಹೊರಗೆ ಹೋಗುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ಮಗುವೂ ಅವರ ಕೈಯಿಂದ ಜಾರಿರಲಿಲ್ಲ. "ನೀರಮ್ಮನ ಕೈಗುಣ ಒಳ್ಳೇದು ಕಣ್ರೀ" ಅಂತ ಜನ ಹೇಳುವಾಗ ಅತ್ತೆ ಕೇಳಿಸದವರಂತೆ ಮುಖ ಮಾಡುತ್ತಿದ್ದರು. ಕೇಳಿಸಿರುತ್ತಿತ್ತು, ಆ ದಿನ ಮನೆಯಲ್ಲಿ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದರು.

ಅವರ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ನನಗೆ ಪ್ರಾಣಸಂಕಟ. ಮೀಸೆ ಬಂದ ಗಂಡಸರನ್ನು ನಿಲ್ಲಿಸಿ ಕೆನ್ನೆ ಹಿಂಡುತ್ತಿದ್ದರು. ಒಮ್ಮೆ ಚೌಕದಲ್ಲಿ ಒಬ್ಬ ಪೊಲೀಸಿನವನು ನಮ್ಮನ್ನು ತಡೆದು, ರಸ್ತೆ ದಾಟುವ ಜಾಗ ಇದಲ್ಲ ಅಂತ ಗದರಿದ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಏನೋ, ನಂಗೇ ಜೋರು ಮಾಡ್ತೀಯಾ? ನಿನ್ನ ಅಂಡು ತೊಳೆದ ಕೈ ಕಣೋ ಇದು. ಎಡಗಡೆ ಮಚ್ಚೆ ಇದೆ, ಹೇಳ್ಲಾ ಎಲ್ಲರ ಮುಂದೆ?" ಅಂದರು. ಅವನು ಸೀಟಿ ಊದಿ ನಾಲ್ಕೂ ಕಡೆಯ ಗಾಡಿ ನಿಲ್ಲಿಸಿ ನಮ್ಮನ್ನು ದಾಟಿಸಿದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ದಾಟಿದೆ.

ಮನೆಯಲ್ಲಿ ನಮ್ಮಿಬ್ಬರದು ದಿನಾ ಜಟಾಪಟಿ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದೆ. ನೂಲಿನ ತುಂಡು ನೆಲದ ಮೇಲೆ ಕಂಡರೆ ಅತ್ತೆಗಾಗದು. ನಾನು ಕತ್ತರಿ ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ನನಗಾಗದು. ಆದರೆ ಸಂಜೆ ಅವರು ಆಸ್ಪತ್ರೆಯಿಂದ ಬಂದು, ನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳನ್ನು ಮೆಷಿನ್ನಿನ ಮೇಲೆ ಊರಿ, "ಇವತ್ತು ಒಂದು ಬಂದಿತ್ತು ಕಣೆ, ತಲೆ ತುಂಬ ಕೂದಲು, ಬಾಚಣಿಗೆ ಹಾಕಿ ಕಳಿಸ್ದೆ" ಅಂತ ಶುರು ಮಾಡಿದರೆ ನನ್ನ ಕಾಲು ತಾನಾಗಿಯೇ ಮೆಷಿನ್ ನಿಲ್ಲಿಸುತ್ತಿತ್ತು. ಆ ಸಂಜೆಗಳು ಈಗ ಯಾರ ಮನೆಯಲ್ಲಿವೆಯೋ.

ಆಸ್ಪತ್ರೆ ಕೆಟ್ಟದ್ದೆಂದು ಯಾರೂ ಹೇಳುತ್ತಿರಲಿಲ್ಲ. ನೆಲ ಮುಖ ಕಾಣುವ ಹಾಗಿರುತ್ತಿತ್ತು. ಆದರೆ ಅಲ್ಲಿ ಪ್ರತಿಯೊಬ್ಬರ ಕೆಲಸವೂ ಒಂದೊಂದು ಬಾಗಿಲಿಗೆ ಮುಗಿಯುತ್ತಿತ್ತು. ಹೆರಿಗೆ ಕೋಣೆಯ ಸಿಸ್ಟರ್ ಹೊಕ್ಕುಳ ಬಳ್ಳಿ ಕತ್ತರಿಸಿ ಮಗುವನ್ನು ಟ್ರೇಯಲ್ಲಿ ಮಲಗಿಸಿದರೆ ಅವರ ಕೆಲಸ ಮುಗಿಯಿತು. ಅತ್ತೆ ಬಂದು ಎತ್ತಿಕೊಂಡು, ತೆರೆದ ವರಾಂಡದುದ್ದಕ್ಕೂ ನಡೆದು, ನೀರಿನ ಕೋಣೆಗೆ ಒಯ್ಯುತ್ತಿದ್ದರು. ಸ್ನಾನವಾದ ಮೇಲೆ ಅಂಗಳ ದಾಟಿ ಎದುರಿನ ಮಕ್ಕಳ ಕೋಣೆಯ ಬಾಗಿಲಲ್ಲಿ ಕೊಟ್ಟರೆ ಅತ್ತೆಯ ಕೆಲಸ ಮುಗಿಯಿತು. ಅಲ್ಲಿ ಸಾಲು ತೊಟ್ಟಿಲು, ಒಂದು ಗಾಜಿನ ಕಿಟಕಿ. ಸಂಬಂಧಿಕರು ಕಿಟಕಿಗೆ ಮೂಗು ಒತ್ತಿ, ನಮ್ಮದು ಯಾವುದು, ನಿಮ್ಮದು ಯಾವುದು ಅಂತ ನೋಡಿ ಹೋಗುತ್ತಿದ್ದರು. ಹೆತ್ತವಳು ಮಾತ್ರ ಮೇಲಿನ ಮಹಡಿಯಲ್ಲಿ. ಹಾಲಿನ ಹೊತ್ತಿಗೆ ಮಗು ಮೇಲೆ ಬರುತ್ತಿತ್ತು, ಕುಡಿದರೂ ಕುಡಿಯದಿದ್ದರೂ ಕೆಳಗೆ ಹೋಗುತ್ತಿತ್ತು. ತಾಯಿ ಸುಧಾರಿಸಿಕೊಳ್ಳಲಿ, ಮಗು ಚೊಕ್ಕಟವಾಗಿರಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಏರ್ಪಾಡು ಅದು.

ನನ್ನ ಮೊದಲ ಮಗಳು ಚಳಿಗಾಲದಲ್ಲಿ ಹುಟ್ಟಿದಳು. ಸ್ವಲ್ಪ ಸಣ್ಣ ಕೂಸು. ಹೆರಿಗೆ ಕೋಣೆಯ ಬಾಗಿಲಲ್ಲಿ ಅತ್ತೆ ತೋಳು ಮಡಚಿ ಕಾಯುತ್ತಿದ್ದರು. "ಹೆಣ್ಣು ಕಣೆ!" ಅಂತ ನನಗೆ ಅವರೇ ಕೂಗಿ ಹೇಳಿದರು, ಸಿಸ್ಟರ್‌ಗೆ ಬಾಯಿ ತೆರೆಯಲೂ ಬಿಡದೆ. ಮಗುವನ್ನು ಎದೆಗೆ ಅವಚಿಕೊಂಡು ವರಾಂಡಕ್ಕೆ ಹೋದರು. ಆಮೇಲೆ ಮೇಲೆ ಬಂದು ನನ್ನ ಕಿವಿಯಲ್ಲಿ, "ನನ್ನ ಮೊಮ್ಮಗಳಲ್ವಾ, ಯಾರಿಗೂ ಮಾಡದಷ್ಟು ಹೊತ್ತು ಮಾಡಿಸ್ದೆ. ಎರಡು ಸಲ ಸಾಬೂನು ಹಾಕ್ದೆ. ಮುತ್ತಿನ ಹಾಗಿದ್ದಾಳೆ" ಅಂದರು. ನಾನು ಹೆಮ್ಮೆಯಿಂದ ನಕ್ಕೆ.

ಅವಳನ್ನು ನನ್ನ ಕೈಗೆ ಕೊಟ್ಟದ್ದು ಸಂಜೆ. ಸಾಬೂನಿನ ಪರಿಮಳ ಬರುತ್ತಿತ್ತು. ನಿದ್ದೆ ಮಾಡುತ್ತಿದ್ದಳು. ಎಷ್ಟು ಎಬ್ಬಿಸಿದರೂ ಹಾಲು ಕುಡಿಯಲಿಲ್ಲ. ದಣಿದಿದ್ದಾಳೆ, ನಾಳೆ ಕುಡಿಯುತ್ತಾಳೆ ಅಂದರು. ನಾಳೆಯೂ ಹಾಗೆಯೇ. ಮೂರನೆಯ ದಿನ ಮಕ್ಕಳ ಕೋಣೆಯಿಂದ ಒಬ್ಬ ಸಿಸ್ಟರ್ ಬರಿಗೈಯಲ್ಲಿ ಮೇಲೆ ಬಂದರು. ಮಗುವಿಗೆ ಶಕ್ತಿ ಸಾಲಲಿಲ್ಲ ಅಂದರು. ಸಣ್ಣ ಮಕ್ಕಳು ಕೆಲವು ಹೀಗೆ ಹೋಗುತ್ತವೆ, ನಿನಗಿನ್ನೂ ವಯಸ್ಸಿದೆ ಅಂದರು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ನನಗೆ ಕಾರಣ ಸಿಗಲಿಲ್ಲ. ಅವಳಿಗೆಂದು ಹೊಲಿದಿದ್ದ ಬಟ್ಟೆಗಳನ್ನೆಲ್ಲ ಒಂದು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಅತ್ತೆ ಒಂದು ವಾರ ಒಲೆಯ ಮುಂದೆ ಕೂತು ಸುಮ್ಮನೆ ಬೂದಿ ಕೆದಕಿದರು, ಆಮೇಲೆ ಎದ್ದು ಕೆಲಸಕ್ಕೆ ಹೋದರು. ನಮ್ಮ ಮನೆಯಲ್ಲಿ ಆ ಮಗುವಿನ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಮತ್ತೆ ಬಸುರಿಯಾದಾಗ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದರು. ಗಿಡ್ಡ ಹೆಂಗಸು, ಚಪ್ಪಲಿ ಪಟಪಟ ಬಡಿಯುತ್ತ ಮೆಟ್ಟಿಲು ಹತ್ತುವವರು, ಊಟವನ್ನೂ ನಿಂತೇ ಮಾಡುವವರು. ಬಂದ ಕೆಲವೇ ದಿನಕ್ಕೆ ಒಂದು ಮಾತು ಹೊರಡಿಸಿದರು: ಹುಟ್ಟಿದ ದಿನ ಯಾವ ಮಗುವಿಗೂ ಸ್ನಾನ ಬೇಡ. ಒರೆಸಿ, ಒಣಗಿಸಿ, ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ, ಮೇಲೆ ಹೊದಿಸಿ. ಅಲ್ಲೇ ಹಾಲು ಕುಡಿಯಲಿ.

ಅವತ್ತು ಅತ್ತೆ ಮನೆಗೆ ಬಂದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು.

"ಸ್ನಾನ ಬೇಡ್ವಂತೆ! ರಕ್ತ ಲೋಳೆ ಎಲ್ಲಾ ಹಾಗೇ ಇರ್ಬೇಕಂತೆ! ಬೆಕ್ಕು ಕೂಡ ಮರಿ ಹಾಕಿದ ತಕ್ಷಣ ನೆಕ್ಕಿ ಕ್ಲೀನ್ ಮಾಡುತ್ತೆ ಕಣೆ. ನಾವೇನು ಬೆಕ್ಕಿಗಿಂತ ಕಡೇನಾ?"

"ಏನಾದ್ರೂ ಕಾರಣ ಹೇಳಿರ್ತಾರಲ್ಲ ಅತ್ತೆ."

"ಮಗುಗೆ ಚಳಿ ಆಗುತ್ತಂತೆ. ನನ್ನ ನೀರು ತಣ್ಣಗಿರುತ್ತಾ? ಯಾವತ್ತಾದ್ರೂ ತಣ್ಣಗಿತ್ತಾ? ಹೇಳು ನೀನೇ!" ಆಮೇಲೆ ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿ, "ಬೇರೆಯವರ ಮಕ್ಕಳನ್ನ ಏನಾದ್ರೂ ಮಾಡ್ಕೊಳ್ಳಲಿ. ಇದಕ್ಕೆ ಮಾತ್ರ ನಾನೇ ಮಾಡ್ಸೋದು. ಯಾವ ಡಾಕ್ಟರಮ್ಮ ಅಡ್ಡ ಬರ್ತಾಳೋ ನೋಡ್ತೀನಿ" ಅಂದರು.

ನನಗೆ ಸ್ನಾನವೂ ಬೇಡ, ಜಗಳವೂ ಬೇಡ. ಒಳಗಿರುವುದು ಬದುಕಿ ಉಳಿದರೆ ಸಾಕಿತ್ತು. ಡಾಕ್ಟರಮ್ಮನದು ಸರಿಯೋ ಅತ್ತೆಯದು ಸರಿಯೋ ನನಗೇನು ಗೊತ್ತು? ಒಬ್ಬರು ಓದಿ ಬಂದವರು, ಇನ್ನೊಬ್ಬರು ಊರಿನ ಅರ್ಧ ಜನರನ್ನು ಕೈಯಲ್ಲಿ ಹಿಡಿದವರು. ನಾನು ಮಧ್ಯದಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಮೆಷಿನ್ ತುಳಿಯುವಾಗೆಲ್ಲ ಇದೂ ಹೋಗಿಬಿಟ್ಟರೆ ಅನ್ನುವ ಒಂದೇ ಭಯ.

ಊರು ಅತ್ತೆಯ ಕಡೆಗೇ ನಿಂತಿತು. ಕೊಳಕು ಮಗುವನ್ನು ನಮ್ಮ ಕೈಗೆ ಕೊಡುತ್ತೀರಾ ಅಂತ ಜನ ಜೋರು ಮಾಡಿದರು. ಅತ್ತೆಯಂತೂ ಒಲೆ ಆರಿಸಲೇ ಇಲ್ಲ. ಡಾಕ್ಟರಮ್ಮ ಅತ್ತ ತಿರುಗಿದರೆ ಇತ್ತ ಮಗು ನೀರಿನ ಕೋಣೆಗೆ ಬಂದಿರುತ್ತಿತ್ತು. ಹೀಗೇ ನಡೆದು, ಒಂದು ದಿನ ಡಾಕ್ಟರಮ್ಮ ನೀರಿನ ಕೋಣೆಗೇ ಬಂದು ನಿಂತರು. ಈಗ ನನ್ನ ಕೆಲಸ ಹೋಯಿತು ಅಂದುಕೊಂಡು ಅತ್ತೆ ಬೋಗುಣಿಯನ್ನೇ ಅಪ್ಪಿ ಹಿಡಿದುಕೊಂಡರಂತೆ. ಡಾಕ್ಟರಮ್ಮ ಬೈಯಲಿಲ್ಲ. ಮೊಣಕೈ ಅದ್ದಿ ನೀರು ನೋಡಿದರು.

"ನಿಮ್ಮ ನೀರು ಸರಿಯಾಗೇ ಇದೆ ಅಮ್ಮಾ. ನೀರಿಂದ ಎತ್ತಿದ ಮೇಲೆ ಮಗು ಏನಾಗುತ್ತೆ, ನೋಡಿದೀರಾ?"

"ಒರೆಸಿ, ಸುತ್ತಿ, ಮಕ್ಕಳ ಕೋಣೇಲಿ ಕೊಡ್ತೀನಿ."

"ಆಮೇಲೆ?"

"ಆಮೇಲಿಂದು ನನ್ನ ಕೆಲಸ ಅಲ್ವಲ್ಲ."

"ಇವತ್ತೊಂದಿನ ಅದೂ ನಿಮ್ಮ ಕೆಲಸ ಅಂದ್ಕೊಳ್ಳಿ. ಬೆಳಿಗ್ಗೆ ಒಂದು ಮಗುಗೆ ಸ್ನಾನ ಮಾಡ್ಸಿದ್ರಿ, ನನಗೆ ಗೊತ್ತು. ಹೋಗಿ, ಅದರ ಜೊತೆಗೇ ಇರಿ. ತಾಯಿ ಕೈಗೆ ಸೇರೋ ತನಕ ಬಿಡಬೇಡಿ. ಆಗಾಗ ಅದರ ಕಾಲು ಮುಟ್ಟಿ ನೋಡ್ತಿರಿ, ಅಷ್ಟೇ."

ಅತ್ತೆ ಮೂಗು ಮುರಿದುಕೊಂಡೇ ಹೋದರು. ಮಕ್ಕಳ ಕೋಣೆಯ ಒಳಗೆ ಅವರು ಕಾಲಿಟ್ಟದ್ದು ಅವತ್ತೇ ಮೊದಲು. ಬೆಳಿಗ್ಗೆ ಅವರ ಕೈಯಿಂದ ಕೆಂಪಗೆ ಬಿಸಿಯಾಗಿ ಹೋಗಿದ್ದ ಮಗು ತೊಟ್ಟಿಲಲ್ಲಿ ಸದ್ದಿಲ್ಲದೆ ಮಲಗಿತ್ತು. ಕಾಲು ಮುಟ್ಟಿದರು. ಹಂಡೆಯ ಹೊರಗಿಟ್ಟ ಚೊಂಬಿನ ಹಾಗೆ ತಣ್ಣಗಿತ್ತು. ಪಕ್ಕದ ತೊಟ್ಟಿಲಿನದನ್ನು ಮುಟ್ಟಿದರು, ಅದೂ ಹಾಗೆಯೇ. ಬೆಚ್ಚಗೆ ಸುತ್ತಿಯೇ ಇತ್ತು, ಬಟ್ಟೆಯ ಒಳಗೇ ಮಗು ತಣ್ಣಗಿತ್ತು. ಸಿಸ್ಟರ್‌ನ ಕೇಳಿದರೆ, "ಸ್ನಾನ ಆದ ಮೇಲೆ ಹೀಗೇ ನಿದ್ದೆ ಹೊಡೀತಾವೆ ನೀರಮ್ಮಾ, ತಂಟೆ ಇಲ್ಲ" ಅಂದರು. ಹಾಲಿನ ಹೊತ್ತಿಗೆ ಆ ಮಗುವನ್ನು ಅತ್ತೆಯೇ ಎತ್ತಿಕೊಂಡು ಮೇಲೆ ಹೋದರು. ಅದು ಬಾಯಿ ತೆರೆಯಲಿಲ್ಲ. ಡಾಕ್ಟರಮ್ಮ ಬಂದು, ಬಟ್ಟೆ ಬಿಚ್ಚಿಸಿ, ತಾಯಿಯ ಎದೆಗೆ ಒತ್ತಿ ಮಲಗಿಸಿ, ಮೇಲೆ ಕಂಬಳಿ ಹಾಕಿದರು. ಅತ್ತೆ ಅಲ್ಲೇ ನೆಲದ ಮೇಲೆ ಕೂತರು. ಬಹಳ ಹೊತ್ತಾದ ಮೇಲೆ ಕಂಬಳಿಯೊಳಗೆ ಕೈ ಹಾಕಿ ಮುಟ್ಟಿದರೆ ಕಾಲು ಬೆಚ್ಚಗಾಗುತ್ತಿತ್ತು. ಮಗು ಮೊಲೆಯನ್ನು ಹುಡುಕಲು ಶುರು ಮಾಡಿತ್ತು.

ಇದನ್ನೆಲ್ಲ ಅತ್ತೆ ನನಗೆ ಹೇಳಿದ್ದು ಆಮೇಲೆ, ಎಷ್ಟೋ ದಿನವಾದ ಮೇಲೆ. ಅವತ್ತು ಸಂಜೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಬಂದು ನನ್ನ ಮೆಷಿನ್ನಿನ ಎದುರು ನಿಂತರು.

"ಒಂದು ಕೇಳ್ತೀನಿ, ನಿಜ ಹೇಳ್ತೀಯಾ?"

"ಏನತ್ತೆ?"

"ಅವಳನ್ನ ನಿನ್ನ ಕೈಗೆ ಕೊಟ್ಟಾಗ, ಕಾಲು ಹೇಗಿತ್ತು?"

ಯಾರನ್ನು ಅಂತ ನಾನು ಕೇಳಲಿಲ್ಲ. ಒಂದೊಂದು ಬೆರಳನ್ನೂ ಹಿಡಿದು ನೋಡಿದ್ದೆನಲ್ಲ, ಮರೆಯುವುದುಂಟೇ? ಸಣ್ಣ ಮಕ್ಕಳ ಕಾಲು ಹಾಗೇ ಇರುತ್ತದೇನೋ ಅಂದುಕೊಂಡು ನನ್ನ ಅಂಗೈಯಲ್ಲಿ ಉಜ್ಜಿದ್ದೆ.

"ತಣ್ಣಗಿತ್ತು" ಅಂದೆ.

ಅತ್ತೆ ತಲೆಯಾಡಿಸಿ ಒಳಗೆ ಹೋದರು. ಸುಳ್ಳು ಯಾಕೆ ಹೇಳಲಿ, ಅವರು ಯಾಕೆ ಕೇಳಿದರು ಅನ್ನುವುದು ನನಗೆ ಹೊಳೆದಾಗ ಮೈಯಲ್ಲಿ ಬೆಂಕಿ ಬಿದ್ದಂತಾಯಿತು. ಎರಡು ಸಲ ಸಾಬೂನು ಹಾಕಿದೆ ಅಂದಿದ್ದರಲ್ಲ, ಯಾರಿಗೂ ಮಾಡದಷ್ಟು ಹೊತ್ತು ಅಂದಿದ್ದರಲ್ಲ! ತಟ್ಟೆಗೆ ಬಡಿಸುವಾಗ ಅವರ ಕೈ ನೋಡಲು ನನಗಾಗುತ್ತಿರಲಿಲ್ಲ. ನಮ್ಮವರು ಏನಾಯಿತು, ಏನಾಯಿತು ಅಂತ ಇಬ್ಬರನ್ನೂ ಕೇಳಿ ಕೇಳಿ ಸುಸ್ತಾಗಿ ಡಿಪೋದಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದರು. ದಿನಾ ಕಿತ್ತಾಡುತ್ತಿದ್ದ ಮನೆಯಲ್ಲಿ ಕಿತ್ತಾಟ ನಿಂತರೆ ಎಷ್ಟು ಭಯವಾಗುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ನೆಲದ ಮೇಲೆ ನೂಲಿನ ರಾಶಿ ಬಿದ್ದಿದ್ದರೂ ಅತ್ತೆ ಒಂದು ಮಾತಾಡಲಿಲ್ಲ.

ಅತ್ತೆ ಕೆಲಸಕ್ಕೆ ಹೋಗುವುದನ್ನೂ ಬಿಟ್ಟರು. ನೀರಿನ ಕೋಣೆಗೆ ಬೀಗ ಬಿತ್ತು. ಎಲ್ಲ ಸರಿಯಾಗಬೇಕಿತ್ತು, ಆದರೆ ಆದದ್ದು ಬೇರೆ. ನೀರಮ್ಮ ಇಲ್ಲ ಅಂದ ಮೇಲೆ ಸಂಬಂಧಿಕರು ಸಿಸ್ಟರ್‌ಗಳ ಕಣ್ಣು ತಪ್ಪಿಸಿ, ಬಚ್ಚಲಿನ ನಲ್ಲಿಯ ಕೆಳಗೇ ಮಕ್ಕಳನ್ನು ತೊಳೆಯತೊಡಗಿದರು. ಒಂದು ಮಧ್ಯಾಹ್ನ ಡಾಕ್ಟರಮ್ಮ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು.

ಒಳಗಿನಿಂದ ಅತ್ತೆ, "ಮನೇಲಿಲ್ಲ ಅಂತ ಹೇಳು" ಅಂದರು, ಬೀದಿಯ ತುದಿಗೆ ಕೇಳುವಷ್ಟು ಗಟ್ಟಿಯಾಗಿ.

ಡಾಕ್ಟರಮ್ಮ ನಗುತ್ತ ಚಪ್ಪಲಿ ಬಿಟ್ಟು ನೇರ ಅಡುಗೆ ಮನೆಗೇ ಹೋದರು. ನಾನೂ ಹಿಂದೆ ಹೋದೆ. ಅತ್ತೆ ಒಲೆಯ ಮುಂದೆ ಕೂತಿದ್ದವರು ತಿರುಗಿಯೂ ನೋಡಲಿಲ್ಲ. ಒಲೆಯ ಕಡೆಗೇ ಮುಖ ಮಾಡಿ ಕೇಳಿದರು: "ಡಾಕ್ಟರಮ್ಮ, ನನ್ನ ಮೊಮ್ಮಗಳು ನನ್ನಿಂದ ಹೋದ್ಲಾ?"

ಡಾಕ್ಟರಮ್ಮ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಆ ಮಗುವನ್ನ ನಾನು ನೋಡಿಲ್ಲ ಅಮ್ಮಾ. ಹೌದು ಅಂದ್ರೂ ಸುಳ್ಳಾಗುತ್ತೆ, ಇಲ್ಲ ಅಂದ್ರೂ ಸುಳ್ಳಾಗುತ್ತೆ. ಸಣ್ಣ ಮಗು, ಚಳಿಗಾಲ, ಒದ್ದೆ ಮೈ, ಗಾಳಿ ಬೀಸೋ ವರಾಂಡ, ತಾಯಿ ಒಂದು ಕಡೆ, ಮಗು ಒಂದು ಕಡೆ. ಇದರಲ್ಲಿ ನಿಮ್ಮ ಪಾಲು ಎಷ್ಟು, ಬೇರೆಯವರ ಪಾಲು ಎಷ್ಟು ಅಂತ ಹೇಗೆ ಹೇಳ್ಲಿ? ನೀವು ಹೇಗೆ ಮಾಡ್ತಿದ್ರೋ ಹಾಗೇ ಮಾಡಿ ಅಂತ ಹೇಳಿದ ಡಾಕ್ಟರುಗಳೇ ಅಲ್ಲಿದ್ರು. ನಾನೂ ಮುಂಚೆ ಕೆಲಸ ಮಾಡ್ತಿದ್ದ ಕಡೆ ಹಾಗೇ ಮಾಡ್ಸಿದೀನಿ."

ಅತ್ತೆ ಅಳಲಿಲ್ಲ. ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತ ಕೂತರು. ಡಾಕ್ಟರಮ್ಮ ಮತ್ತೆ ಹೇಳಿದರು: "ನಾನು ಸ್ನಾನ ಬೇಡ ಅಂದ್ರೆ ಜನ ಬೈತಾರೆ. ನೀರಮ್ಮನೇ ಬೇಡ ಅಂದ್ರೆ ಕೇಳ್ತಾರೆ. ನಂಗೆ ನೀವು ಬೇಕು." ಅಷ್ಟು ಹೇಳಿ ಎದ್ದು ಹೋದರು. ಹೊರಗೆ ಚಪ್ಪಲಿಯ ಪಟಪಟ ಸದ್ದು ದೂರವಾಯಿತು.

ಅತ್ತೆಯ ಬೆನ್ನು ನೋಡುತ್ತ ನಿಂತಿದ್ದೆ. ಆ ಬೆನ್ನು ಅಷ್ಟು ಬಾಗಿದ್ದನ್ನು ನಾನು ನೋಡಿರಲಿಲ್ಲ. ನನ್ನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೆ ನನ್ನ ಹೊಟ್ಟೆಯಲ್ಲಿದ್ದದ್ದು ಒದೆಯುತ್ತಿತ್ತು, ಅದಕ್ಕೆ ಜೊತೆಗಿರುವವರು ಬೇಕಿತ್ತು. ಬಾಗಿಲಲ್ಲಿ ಕೊಟ್ಟು ಹೋಗುವವರಲ್ಲ, ಜೊತೆಗೇ ಇರುವವರು.

"ಅತ್ತೆ, ಇನ್ನು ಮೂರ್ನಾಲ್ಕು ತಿಂಗಳಿಗೆ ನನ್ನ ಹೆರಿಗೆ. ನೀವಿಲ್ಲದ ಆಸ್ಪತ್ರೆಗೆ ನಾನು ಹೋಗೋದಿಲ್ಲ. ಇಲ್ಲೇ, ಈ ಅಡುಗೆ ಮನೇಲೇ ಹೆರ್ತೀನಿ."

"ಹುಚ್ಚಿ! ಈ ಹೊಗೇಲಾ?"

"ಹಾಗಾದ್ರೆ ನಾಳೆ ಕೆಲಸಕ್ಕೆ ಹೋಗಿ."

ಅತ್ತೆ ತಿರುಗಿ ನನ್ನನ್ನು ಒಮ್ಮೆ ನೋಡಿದರು. "ಏನು ಸೊಸೆನಪ್ಪಾ, ಹೆದರಿಸ್ತಾಳೆ" ಅಂದು ಮೂಗು ಒರೆಸಿಕೊಂಡರು. ಮಾರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಹೊರಟಿದ್ದರು, ಹೋಗುವ ಮೊದಲು ನನ್ನ ನೂಲನ್ನೆಲ್ಲ ಗುಡಿಸಿ.

ಆಮೇಲಿನ ಅತ್ತೆಯನ್ನು ನೋಡಬೇಕಿತ್ತು! ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು ಸಂಬಂಧಿಕರನ್ನು ಅವರೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಸ್ನಾನ ಬೇಕಾ? ನೀರಮ್ಮ ನಾನು ಹೇಳ್ತಿದೀನಿ, ಬೇಡ. ಅದರ ಮೈಮೇಲಿರೋದು ಕೊಳೆ ಅಲ್ಲ, ಅದರ ಹೊದಿಕೆ. ನೀರು ಮುಟ್ಟಿಸಿದ್ರೋ, ನಿಮ್ಮನ್ನೇ ಹಂಡೆಗೆ ಹಾಕ್ತೀನಿ." ಜನ ಬಾಯಿ ಮುಚ್ಚಿಕೊಂಡು ಕೇಳಿದರು. ಡಾಕ್ಟರಮ್ಮ ಮಕ್ಕಳ ಕೋಣೆಯ ತೊಟ್ಟಿಲುಗಳನ್ನು ತೆಗೆಸಿ ಮಕ್ಕಳನ್ನು ತಾಯಂದಿರ ಹಾಸಿಗೆಗೇ ಕಳಿಸಿದರು. ಹೆರಿಗೆ ಕೋಣೆಯ ಪಕ್ಕದ ಉಗ್ರಾಣವನ್ನು ಖಾಲಿ ಮಾಡಿಸಿ, ಗಾಳಿ ಬಾರದ ಹಾಗೆ ಪರದೆ ಕಟ್ಟಿಸಿ, ಸಣ್ಣ ಮಕ್ಕಳೂ ತಾಯಂದಿರೂ ಒಟ್ಟಿಗೆ ಇರುವ ಕೋಣೆ ಮಾಡಿಸಿದರು. ಮಗುವನ್ನು ತಾಯಿಯ ಎದೆಗೆ ಕಟ್ಟುವ ಅಗಲ ಪಟ್ಟಿಗಳನ್ನು ನಾನೇ ಹೊಲಿದೆ. ಜಾರುವ ಮಗುವನ್ನು ಹಿಡಿಯುವುದರಲ್ಲಿ ಅತ್ತೆಯದು ಎತ್ತಿದ ಕೈಯಾದ್ದರಿಂದ, ಆ ಕಟ್ಟುವ ಕೆಲಸ ಅವರ ಪಾಲಿಗೆ ಬಂತು. ನೀರಿನ ಹೆಸರು ಮಾತ್ರ ಹಾಗೇ ಉಳಿಯಿತು.

ನನ್ನ ಮಗ ತಿಂಗಳು ತುಂಬುವ ಮುಂಚೆಯೇ ಒಂದು ಬೆಳಿಗ್ಗೆ ಅವಸರ ಮಾಡಿದ. ಹುಟ್ಟಿದಾಗ ಅತ್ತೆಯ ಎರಡು ಅಂಗೈಯಲ್ಲಿ ಹಿಡಿಸುವಷ್ಟಿದ್ದ. ಸಿಸ್ಟರ್ ಒರೆಸುತ್ತಿದ್ದ ಹಾಗೇ ನಾನು ಅತ್ತೆಯನ್ನೇ ನೋಡುತ್ತಿದ್ದೆ. ಅಭ್ಯಾಸ ಬಿಡುತ್ತದೆಯೇ, ಅವರ ತೋಳು ಮಡಚಿಯೇ ಇತ್ತು. ಮಗುವನ್ನು ತೆಗೆದುಕೊಂಡರು. ಒಂದು ಕ್ಷಣ ಬಾಗಿಲಿನ ಕಡೆ ತಿರುಗಿದ ಹಾಗಾಯಿತು, ನನ್ನ ಜೀವವೇ ಬಾಯಿಗೆ ಬಂತು. ಬಾಗಿಲು ಮುಚ್ಚಲು ತಿರುಗಿದ್ದರು ಅಷ್ಟೇ. ಕಾಲಿನಿಂದ ಅದನ್ನು ತಳ್ಳಿ ಮುಚ್ಚಿ, ನನ್ನ ಎದೆಯ ಮೇಲೆ ಅವನನ್ನು ಕಪ್ಪೆಯ ಹಾಗೆ ಮಲಗಿಸಿ, ಟೋಪಿ ಹಾಕಿ, ಪಟ್ಟಿ ಬಿಗಿದು, ಕಂಬಳಿ ಹೊದಿಸಿದರು. ಆಮೇಲೆ ಕಂಬಳಿಯೊಳಗೆ ಕೈ ಹಾಕಿ ಅವನ ಕಾಲು ಹಿಡಿದುಕೊಂಡರು. ಸಣ್ಣ ಮಕ್ಕಳ ಕೋಣೆಯಲ್ಲಿ ನಾವಿದ್ದ ಅಷ್ಟೂ ವಾರಗಳು ಅದೇ ಅವರ ಕೆಲಸ. ಹೋಗುವಾಗ ಬರುವಾಗ ಒಂದು ಸಲ ಕಾಲು ಮುಟ್ಟುವುದು, ನನಗೆ ಕೇಳುವಂತೆ "ಬೆಚ್ಚಗಿದೆ" ಅನ್ನುವುದು. ಆ ಒಂದು ಮಾತಿನ ಮೇಲೆ ನಾನು ದಿನ ತಳ್ಳಿದೆ. ಕುಡಿಯಲಾರದೆ ತೊಟ್ಟು ತೊಟ್ಟಾಗಿ ನುಂಗುತ್ತಿದ್ದವನು ಆಮೇಲಾಮೇಲೆ ಗಬಗಬ ಕುಡಿಯತೊಡಗಿದ. ಮನೆಗೆ ಕರೆದುಕೊಂಡು ಹೋಗಿ ಅಂದಾಗ ನಮ್ಮವರು ಡಿಪೋದ ಬಟ್ಟೆಯಲ್ಲೇ ಓಡಿ ಬಂದು, ಗ್ರೀಸ್ ಕೈಯಲ್ಲಿ ಮುಟ್ಟಲು ಹೋಗಿ ಅತ್ತೆಯಿಂದ ಬೈಸಿಕೊಂಡರು.

ಅತ್ತೆ ನಿವೃತ್ತಿಯಾಗುವವರೆಗೂ ಆ ಕೋಣೆಯಲ್ಲೇ ಇದ್ದರು. ಅವರು ತೀರಿಕೊಂಡು ಈಗ ಬಹಳ ವರ್ಷವಾಯಿತು. ಹಳೆಯ ಕಟ್ಟಡವೂ ಇಲ್ಲ, ವರಾಂಡವೂ ಇಲ್ಲ. ಅವರನ್ನು ನೆನೆಸಿಕೊಂಡರೆ ನನಗೆ ಮೊದಲು ನೆನಪಾಗುವುದು ಆಸ್ಪತ್ರೆಯಲ್ಲ, ನಮ್ಮ ಮನೆಯ ಬಚ್ಚಲಿನಲ್ಲಿ ಕಳೆದ ಒಂದು ಬೆಳಿಗ್ಗೆ.

ಮಗನ ಮೈ ತುಂಬಿಕೊಂಡಿತ್ತು. ಇನ್ನು ಸ್ನಾನ ಮಾಡಿಸಬಹುದು ಅಂತ ಡಾಕ್ಟರಮ್ಮ ಹೇಳಿದ್ದರು. ಅತ್ತೆ ಎದ್ದವರೇ ಕಿಟಕಿ ಮುಚ್ಚಿ, ನೀರು ಕಾಯಿಸಿ, ಬಟ್ಟೆಯನ್ನು ಒಲೆಯ ಪಕ್ಕ ಬೆಚ್ಚಗಿಟ್ಟು, ಮೊಣಕೈ ಅದ್ದಿ ಹದ ನೋಡಿ, ಹೊರಗೆ ಬಂದು ಗೋಡೆಗೊರಗಿ ನಿಂತರು.

"ನೀನೇ ಮಾಡ್ಸು" ಅಂದರು.

"ನಂಗೆ ಹೊಲಿಯೋಕ್ ಬರುತ್ತೆ ಅತ್ತೆ, ತೊಳೆಯೋಕ್ ಬರಲ್ಲ. ಜಾರಿ ಬಿದ್ರೆ?"

"ಹೇಳಿಕೊಡ್ತೀನಿ. ನನ್ನ ಕೈ ಬೇಡ ಕಣೆ."

ಕೈಗುಣ ಕೈಗುಣ ಅಂತ ಊರೆಲ್ಲ ಹಾಡಿ ಹೊಗಳಿದ ಹೆಂಗಸು, ಆ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದರು. ನಾನು ಮಗನನ್ನು ಅವರ ಮುಂದೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

"ಅತ್ತೆ, ನಂಗೆ ಈ ಕೈಯೇ ಬೇಕು. ಹಿಡ್ಕೊಳ್ಳಿ, ನನ್ನ ಕೈ ಸೋಲ್ತಾ ಇದೆ."

ಹಿಡಿದುಕೊಂಡರು. ಕೈಬಳೆ ತೆಗೆಯುವುದನ್ನೂ ಮರೆತು ಬೋಗುಣಿಯ ಮುಂದೆ ಕೂತರು. ಎಡಗೈ ಅವನ ಕತ್ತಿನ ಕೆಳಗೆ ತಾನಾಗಿಯೇ ಹೋಯಿತು. ನೀರು ಮೈಗೆ ಬಿದ್ದದ್ದೇ ತಡ, ಮಗ ಬೀದಿಗೆಲ್ಲ ಕೇಳುವಂತೆ ಅರಚತೊಡಗಿದ. ಅತ್ತೆಯ ಮುಖದಲ್ಲಿ ನಗು, ಕಣ್ಣಲ್ಲಿ ನೀರು. ಕಿವಿಯ ಹಿಂದೆ ತೊಳೆಯುತ್ತ ಅವನ ಜೊತೆ ಮಾತಾಡತೊಡಗಿದರು.

"ಅಬ್ಬಬ್ಬಾ, ಏನು ಗಂಟಲೋ ಮಾರಾಯ! ನಿಮ್ಮಕ್ಕ ಇಷ್ಟು ಗಲಾಟೆ ಮಾಡ್ಲಿಲ್ಲ ಕಣೋ. ಸುಮ್ನೆ ಕಣ್ಣು ಬಿಟ್ಕೊಂಡು ನನ್ನ ಮುಖಾನೇ ನೋಡ್ತಿದ್ಲು."

ಒಣ ಬಟ್ಟೆ ಹಿಡಿದು ನಿಂತಿದ್ದ ನಾನು ಹಾಗೇ ಗೋಡೆ ಹಿಡಿದುಕೊಂಡೆ. ನನ್ನ ಮಗಳು ನಿದ್ದೆಯಲ್ಲೇ ನನ್ನ ಹತ್ತಿರ ಬಂದಿದ್ದಳು, ನಿದ್ದೆಯಲ್ಲೇ ಹೋಗಿದ್ದಳು. ಅವಳು ಕಣ್ಣು ತೆರೆದದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ.

"ಕಣ್ಣು ಬಿಟ್ಟಿದ್ಲಾ ಅತ್ತೆ?"

ಅತ್ತೆ ಕೈ ನಿಲ್ಲಿಸಿ ನನ್ನನ್ನು ನೋಡಿದರು. ನನಗೆ ಅದು ಗೊತ್ತಿಲ್ಲ ಅನ್ನುವುದು ಅವರಿಗೂ ಆಗಲೇ ತಿಳಿದದ್ದು.

"ಬಿಟ್ಟಿದ್ಲು ಕಣೇ. ದೊಡ್ಡ ಕಣ್ಣು. ನಿಂದೇ."

ಮಗನನ್ನು ನೀರಿನಿಂದ ಎತ್ತಿ ನನ್ನ ಕೈಯಲ್ಲಿದ್ದ ಬಟ್ಟೆಗೆ ಕೊಟ್ಟರು. ನಾನು ಅವನನ್ನು ಒರೆಸಿ, ಸೆರಗು ಸರಿಸಿ ಎದೆಗೆ ಹಾಕಿಕೊಂಡು, ಅತ್ತೆಯ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತೆ.

"ಇನ್ನೂ ಹೇಳಿ ಅತ್ತೆ" ಅಂದೆ.